ಸೀಟು ಹಿಡಿಯುವ ಅತ್ತೆ

ಊರಿನ ಎತ್ತರದ ಕಟ್ಟಡಗಳ ಲಿಫ್ಟು ಕೆಟ್ಟರೆ ಮೊದಲು ಫೋನು ಹೋಗುತ್ತಿದ್ದುದು ಅವಳಿಗೆ. ಹಾಗಾಗಿ ಮನೆಯವರನ್ನು ಬಿಟ್ಟು ಉಳಿದವರೆಲ್ಲ ಅವಳನ್ನು ಲಿಫ್ಟಕ್ಕ ಎಂದೇ ಕರೆಯುತ್ತಿದ್ದರು. ವಾರವೆಲ್ಲ ಜನರನ್ನು ಬೆವರು ಬರದ ಹಾಗೆ ಮೇಲಕ್ಕೆ ಕಳಿಸುವ ಕೆಲಸ. ಭಾನುವಾರ ಬಂತೆಂದರೆ ತಾನೇ ಸೈಕಲ್ಲು ತಗೊಂಡು ಏದುಸಿರು ಬಿಡುತ್ತ ಗುಡ್ಡ ಹತ್ತುವ ಹುಚ್ಚು. ಅವಳ ಗಂಡನಿಗೆ ಕಟಿಂಗ್ ಶಾಪಿತ್ತು. ಕುರ್ಚಿಯಲ್ಲಿ ಕೂತ ಗಿರಾಕಿಯ ತಲೆ ಬಗ್ಗಿಸಿ, "ನಮ್ಮನೆಯವಳಿಗೆ ಲಿಫ್ಟಿನ ಮೇಲೆ ನಂಬಿಕೆ ಇಲ್ಲ ನೋಡಿ, ಎಲ್ಲಾ ಕಡೆ ಕಾಲಲ್ಲೇ ಹತ್ತುತ್ತಾಳೆ" ಎಂದು ಹೇಳಿ ನಗಿಸುತ್ತಿದ್ದ.

ಅವಳು ಓಡಿಸುತ್ತಿದ್ದುದು ಫ್ರೀವೀಲ್ ಇಲ್ಲದ ಸೈಕಲ್ಲು. ಅಂದರೆ ಹಿಂದಿನ ಚಕ್ರ ತಿರುಗುವವರೆಗೂ ಪೆಡಲು ತಿರುಗುತ್ತಲೇ ಇರಬೇಕು. ಕಾಲಾಡಿಸುವುದನ್ನು ನಿಲ್ಲಿಸಿ ಸುಮ್ಮನೆ ಸಾಗುತ್ತೇನೆಂದರೆ ಆ ಸೈಕಲ್ಲು ಒಪ್ಪುವುದಿಲ್ಲ. ಏರಿನಲ್ಲೂ ತುಳಿಯಬೇಕು, ಇಳಿಜಾರಿನಲ್ಲೂ ತುಳಿಯಬೇಕು. ಬದಲಾಯಿಸಲು ಬೇರೆ ಗೇರೂ ಇಲ್ಲ. ಮದುವೆಯಾದ ಎಷ್ಟೋ ವರ್ಷಗಳ ನಂತರ, ಅತ್ತೆ ತಮ್ಮ ಬೇಕರಿಯನ್ನು ಬೇರೆಯವರಿಗೆ ವಹಿಸಿ ಮಗನ ಮನೆಗೆ ಬಂದ ಹೊಸದರಲ್ಲಿ, ಹಜಾರದ ಗೋಡೆಗೆ ಒರಗಿಸಿದ್ದ ಈ ಸೈಕಲ್ಲನ್ನು ಸುತ್ತು ಹಾಕಿ ನೋಡಿ ವಿಚಾರಿಸಿಕೊಂಡಿದ್ದರು.

"ಕಾಲು ನಿಲ್ಲಿಸೋಕೇ ಬಿಡಲ್ವಾ ಇದು?"

"ಬಿಡಲ್ಲ ಅತ್ತೆ."

"ಬೇಜಾರಾಯ್ತು ಅಂತ ಒಂದು ಗಳಿಗೆ ಸುಮ್ಮನೆ ಕೂರೋ ಹಾಗೂ ಇಲ್ಲ?"

"ಇಲ್ಲ."

"ಹಾಗಾದ್ರೆ ಇದು ಸೈಕಲ್ಲಲ್ಲ ಕಣೇ, ಸಂಸಾರ" ಎಂದು ಅತ್ತೆ ಅಡುಗೆಮನೆಗೆ ನಡೆದಿದ್ದರು.

ಊರಿನಲ್ಲಿ ಒಂದು ಚಿಕ್ಕ ಸೈಕಲ್ ಕ್ಲಬ್ಬಿತ್ತು. ಅದನ್ನು ನಡೆಸುತ್ತಿದ್ದವರು ನಿವೃತ್ತರಾದ ಒಬ್ಬ ಡ್ರಿಲ್ ಮೇಷ್ಟ್ರು. ಕೊರಳಲ್ಲಿ ಯಾವಾಗಲೂ ಸೀಟಿ ನೇತಾಡುತ್ತಿದ್ದುದರಿಂದ ಎಲ್ಲರಿಗೂ ಅವರು ಸೀಟಿ ಮೇಷ್ಟ್ರು. ಬೇಸಿಗೆಗೆ ಮುಂಚೆ ಕಾಲುವೆ ಪಕ್ಕದ ಸಪಾಟು ರಸ್ತೆಯಲ್ಲಿ ಟೈಮ್ ಟ್ರಯಲ್, ಚಳಿ ಶುರುವಾಗುವಾಗ ನೀರಿನ ಟ್ಯಾಂಕಿರುವ ಗುಡ್ಡಕ್ಕೆ ಹತ್ತುವ ಪಂದ್ಯ. ಎರಡರಲ್ಲೂ ಒಬ್ಬರ ಹಿಂದೆ ಒಬ್ಬರು, ನಡುವೆ ಒಂದೊಂದು ನಿಮಿಷ ಬಿಟ್ಟು ಹೊರಡಬೇಕು; ಕಡಿಮೆ ಹೊತ್ತಿನಲ್ಲಿ ಮುಗಿಸಿದವರು ಗೆದ್ದಂತೆ. ಪೆಡಲಿಗೆ ಎರಡೂ ಪಾದಗಳನ್ನು ಬೆಲ್ಟಿನಿಂದ ಬಿಗಿದುಕೊಂಡು ನಿಂತಲ್ಲೇ ನಿಂತಿರಬೇಕಾದ್ದರಿಂದ ಬೀಳದ ಹಾಗೆ ಪಕ್ಕದಲ್ಲಿ ಯಾರಾದರೂ ಸೀಟು ಹಿಡಿದಿರಬೇಕು. ಸೀಟಿ ಊದಿದ ಕೂಡಲೇ ಅವರು ಕೈ ಬಿಡಬೇಕು. ತಳ್ಳುವ ಹಾಗಿಲ್ಲ, ಹಿಡಿಯುವುದು, ಬಿಡುವುದು, ಅಷ್ಟೇ.

"ಬಸ್ಸಲ್ಲಿ ಸೀಟು ಹಿಡಿಯೋದು ಕೇಳಿದ್ದೆ. ಸೈಕಲ್ ಸೀಟು ಹಿಡಿಯೋಕೂ ಜನ ಬೇಕಾ?" ಎಂದು ಆಡಿಕೊಂಡಿದ್ದ ಅತ್ತೆ ಒಂದು ಸಲ, ಮನೆಗೆ ಬಣ್ಣ ಬಳಿಯುವವರು ಬಂದಿದ್ದಾಗ, ಆ ವಾಸನೆ ತಡೆಯಲಾರದೆ ಕಾರಿನಲ್ಲಿ ಇವರ ಜೊತೆ ಪಂದ್ಯಕ್ಕೆ ಬಂದರು. ಮಡಿಸುವ ಕುರ್ಚಿ ಹಾಕಿಕೊಂಡು ಶಾಲು ಹೊದ್ದು ರಸ್ತೆ ಬದಿಯಲ್ಲಿ ಕೂತರು. ಅವತ್ತು ಸೀಟು ಹಿಡಿಯುವ ಬಡಗಿಗೆ ಜ್ವರ. ಮೇಷ್ಟ್ರು ಲಿಫ್ಟಕ್ಕನ ಗಂಡನನ್ನು ನಿಲ್ಲಿಸಿದರು. ಕತ್ತರಿ ಹಿಡಿದರೆ ಕೂದಲೆಳೆಯಷ್ಟೂ ಅತ್ತಿತ್ತ ಹೋಗದ ಆ ಕೈ, ಧಡೂತಿ ಮನುಷ್ಯನೊಬ್ಬ ಸೈಕಲ್ ಸಮೇತ ಮೈಮೇಲೆ ವಾಲಿದಾಗ ತತ್ತರಿಸಿಹೋಯಿತು. "ಅಯ್ಯೋ, ಬಿದ್ದೆ, ಬಿದ್ದೆ" ಎಂದು ಸವಾರ ಕೂಗಿಕೊಂಡ.

ಅತ್ತೆ ಶಾಲು ಕುರ್ಚಿಯ ಮೇಲೆ ಬಿಸಾಕಿ ಎದ್ದರು. "ಸರಿ ಆಚೆ" ಎಂದು ಮಗನನ್ನು ಸರಿಸಿದರು. ಒಂದು ಕೈ ಸೀಟಿನ ಕೆಳಗೆ, ಇನ್ನೊಂದು ಸವಾರನ ತೋಳಿಗೆ. ಅಷ್ಟೇ. ಸೈಕಲ್ಲು ಗೋಡೆಗೆ ಮೊಳೆ ಹೊಡೆದ ಹಾಗೆ ನಿಂತಿತು. ಜೀವಮಾನವೆಲ್ಲ ಮೂಟೆಗಟ್ಟಲೆ ಹಿಟ್ಟು ನಾದಿದ ತೋಳುಗಳವು. ಸೀಟಿ ಊದಿದಾಗ ಅತ್ತೆ ಕೈ ಬಿಡುತ್ತ, ಮನೆ ಬಾಗಿಲಲ್ಲಿ ನಿಂತು ಹೇಳುವ ಹಾಗೆ, "ಹೋಗ್ಬಾಪ್ಪ" ಎಂದರು. ಆ ಮನುಷ್ಯ ಹೋದ. ಅವತ್ತು ಅವನು ಹಿಂದೆಂದೂ ಓಡಿಸದಷ್ಟು ಜೋರಾಗಿ ಓಡಿಸಿದ. ಅದಕ್ಕೆ ಕಾರಣ ಗಾಳಿಯೇ ಇರಬಹುದು. ಆದರೆ ಹೆಸರು ಅತ್ತೆಗೆ ಬಂತು.

ಮುಂದಿನ ಪಂದ್ಯಕ್ಕೆ ಬಡಗಿಗೆ ಜ್ವರ ಬಿಟ್ಟಿತ್ತು. ಆದರೂ ಎಲ್ಲರೂ "ಅಮ್ಮ ಬರ್ತಾರಲ್ಲ?" ಎಂದು ಕೇಳಿದರು. ಬಡಗಿಯೇ ಕೇಳಿದ. ಅಂದಿನಿಂದ ಆ ಜಾಗ ಅತ್ತೆಯದಾಯಿತು. ಬ್ಯಾಂಕಿನ ಹುಡುಗನಿಗೂ ಅದೇ "ಹೋಗ್ಬಾಪ್ಪ", ಕನ್ನಡಕದಂಗಡಿಯ ಮೇಡಮ್ಮಿಗೂ ಅದೇ "ಹೋಗ್ಬಾಮ್ಮ". ಈ ಮೇಡಂ ಅಂಥಿಂಥ ಹೆಂಗಸಲ್ಲ. ನೀರಿನ ಬಾಟಲಿಯನ್ನು ತಕ್ಕಡಿಯಲ್ಲಿಟ್ಟು ತೂಗಿ, ಭಾರವೆನಿಸಿದರೆ ಎರಡು ಗುಟುಕು ಚೆಲ್ಲಿ ಹೊರಡುವವಳು. ಹೆಂಗಸರ ಗುಂಪಿನಲ್ಲಿ ಲಿಫ್ಟಕ್ಕನಿಗೆ ಪೈಪೋಟಿ ಅಂತ ಇದ್ದುದು ಅವಳೊಬ್ಬಳೇ. ಗುಡ್ಡದ ಪಂದ್ಯದಲ್ಲಿ ಪ್ರತಿ ಸಲವೂ ಲಿಫ್ಟಕ್ಕ ಕೂದಲೆಳೆಯಲ್ಲಿ ಮುಂದೆ, ಪ್ರತಿ ಸಲವೂ ಮೇಡಂ ಮುಖ ಗಂಟು ಹಾಕಿಕೊಂಡು ಸೈಕಲ್ಲಿನ ಬೇರಿಂಗನ್ನೋ ಟೈರನ್ನೋ ಬೈಯುತ್ತ ಮನೆಗೆ.

ಲಿಫ್ಟಕ್ಕನಿಗೆ ಆ "ಹೋಗಿ ಬಾ" ಬೇರೆಯೇ ಆಗಿ ಕೇಳುತ್ತಿತ್ತು. ಅವಳು ಚಿಕ್ಕವಳಿದ್ದಾಗಲೇ ತಾಯಿ ತೀರಿಕೊಂಡು, ದೊಡ್ಡಪ್ಪನ ಮನೆಯಲ್ಲಿ ಬೆಳೆದಿದ್ದಳು. ಹೊಟ್ಟೆಗೆ ಬಟ್ಟೆಗೆ ಕಮ್ಮಿಯಾಗಿರಲಿಲ್ಲ. ಯಾರೂ ಒಂದು ಮಾತು ಅಂದವರೂ ಅಲ್ಲ. ಆದರೆ ಅವಳು ಶಾಲೆಗೆ ಹೊರಟರೂ ಬಂದರೂ ಅದು ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ. ಪರೀಕ್ಷೆಗೆ, ಮೊದಲ ಕೆಲಸಕ್ಕೆ, ಎಲ್ಲದಕ್ಕೂ ತಾನೇ ಬಾಗಿಲು ತೆಗೆದು ತಾನೇ ಹಾಕಿಕೊಂಡು ಹೋದವಳು. ಇದನ್ನು ಅವಳು ಯಾರ ಹತ್ತಿರವೂ ಹೇಳಿಕೊಂಡಿರಲಿಲ್ಲ. ಗಂಡನ ಹತ್ತಿರವೂ ಇಲ್ಲ. ಇಂಥದ್ದನ್ನು ಹೇಳುವುದಾದರೂ ಹೇಗೆ?

ಒಂದು ವರ್ಷ ಮಳೆ ಮುಗಿಯುವ ಹೊತ್ತಿಗೆ ಅತ್ತೆಯ ಬಲಗೈಯಲ್ಲಿ ಏನೋ ಶುರುವಾಯಿತು.

ಅತ್ತೆ ಅದನ್ನು ಚೆನ್ನಾಗಿಯೇ ಬಚ್ಚಿಟ್ಟರು. ಟೀ ಬಗ್ಗಿಸುವ ಕೆಲಸ ಮಗನಿಗೆ ಹೋಯಿತು. ಕೈ ಯಾವಾಗಲೂ ಶಾಲಿನೊಳಗೆ. ಸೂಜಿಗೆ ದಾರ ಪೋಣಿಸುವ ಬದಲು "ಈ ಗುಂಡಿ ನೀನೇ ಹಾಕ್ಕೋ, ನಿನಗೇನು ಕೈ ಇಲ್ವಾ?" ಎಂಬ ಗದರಿಕೆ. ಆದರೆ ಲಿಫ್ಟಕ್ಕನ ಕೆಲಸವೇ ನಡುಕ ಹುಡುಕುವುದು. ಮೋಟರಿನ ಮೇಲೆ ಅಂಗೈಯಿಟ್ಟು, ಯಾವ ಬೇರಿಂಗು ಸವೆದಿದೆ ಎಂದು ಕಣ್ಣು ಮುಚ್ಚಿ ಹೇಳುವವಳು ಅವಳು. ಒಂದು ಸಂಜೆ ಸೋಫಾದ ಮೇಲೆ ಅತ್ತೆಯ ಪಕ್ಕ ಕೂತಾಗ, ಅದರ ಮರದ ಚೌಕಟ್ಟಿನ ಮೂಲಕ ಆ ಸಣ್ಣ ಅದುರು ಅವಳ ಮೊಣಕೈಗೆ ತಾಗಿತು. ಅವಳು ಟಿವಿ ನೋಡುತ್ತಲೇ ಇದ್ದಳು. ಮರುದಿನ ಗಂಡನಿಗೆ ಹೇಳಿದಳು, ಇಬ್ಬರೂ ಸೇರಿ ಏನೋ ನೆವ ಹೇಳಿ ಡಾಕ್ಟರ ಹತ್ತಿರ ಕರೆದುಕೊಂಡು ಹೋದರು. ಇದು ನರದ ಕಾಯಿಲೆ, ಪೂರ್ತಿ ವಾಸಿಯಾಗುವುದಲ್ಲ, ಮಾತ್ರೆಯಲ್ಲಿ ಹಿಡಿತಕ್ಕೆ ತರಬಹುದು, ನಿಧಾನವಾಗಿ ನೋಡೋಣ ಎಂದರು ಡಾಕ್ಟರು. ಅತ್ತೆ ದಾರಿಯುದ್ದಕ್ಕೂ ಆ ಡಾಕ್ಟರು ತಲೆಗೆ ಬಣ್ಣ ಹಚ್ಚಿಕೊಂಡಿದ್ದರ ಬಗ್ಗೆಯೇ ಮಾತಾಡಿದರು.

ಗುಡ್ಡದ ಪಂದ್ಯ ಹತ್ತಿರ ಬಂತು. ಲಿಫ್ಟಕ್ಕ ಅಡುಗೆಮನೆಯ ಬಾಗಿಲಲ್ಲಿ ಕೂತು ಚೈನಿಗೆ ಎಣ್ಣೆ ಬಿಡುತ್ತಿದ್ದಾಗ ಅತ್ತೆ, "ಈ ಸಲ ನಾನು ಬರಲ್ಲ. ಚಳಿ" ಎಂದರು.

"ಚಳಿ ಇನ್ನೂ ಬಂದೇ ಇಲ್ವಲ್ಲ ಅತ್ತೆ."

"ಬಂದಾಗ ಇರುತ್ತಲ್ಲ?"

"ನೀವು ಬರದಿದ್ರೆ ನಾನೂ ಹೋಗಲ್ಲ."

"ನಿನ್ನ ಸೋಮಾರಿತನಕ್ಕೆಲ್ಲ ನನ್ನ ಹೆಸರು ಹಾಕ್ಬೇಡ." ಅತ್ತೆ ಶಾಲಿನೊಳಗಿಂದ ಕೈ ತೆಗೆದು ಅವಳ ಮುಖದ ಮುಂದೆ ಹಿಡಿದರು. ಬೆರಳುಗಳು ಒಂದೇ ಸಮನೆ ಅದುರುತ್ತಿದ್ದವು. "ನೋಡು. ಕಣ್ತುಂಬ ನೋಡು. ಗೊತ್ತಿದ್ದೂ ಗೊತ್ತಿಲ್ಲದ ಹಾಗೆ ಎಷ್ಟು ದಿನ ಅಂತ ಇರ್ತೀಯ? ಈ ಕೈಯಲ್ಲಿ ಸೀಟು ಹಿಡಿದ್ರೆ ಜನ ಗುಡ್ಡ ಹತ್ತಲ್ಲ, ಚರಂಡಿಗೆ ಬೀಳ್ತಾರೆ."

ಲಿಫ್ಟಕ್ಕ ಎಣ್ಣೆ ಕೈಯನ್ನು ಬಟ್ಟೆಗೆ ಒರೆಸಿಕೊಂಡು ಆ ಕೈಯನ್ನು ಹಿಡಿದುಕೊಂಡಳು. "ಬಿದ್ರೆ ನಾನು ಮೊದಲು ಬೀಳ್ತೀನಿ. ನನ್ನನ್ನ ನೋಡ್ಕೊಂಡು ಉಳಿದವರು ಏನು ಬೇಕೋ ಮಾಡ್ಲಿ."

ಅತ್ತೆ ಬಹಳ ಹೊತ್ತು ಬೈದರು. ಆದರೆ ಕೈ ಎಳೆದುಕೊಳ್ಳಲಿಲ್ಲ.

ಪಂದ್ಯದ ದಿನ ಬೆಳಿಗ್ಗೆ ಗುಡ್ಡದ ಬುಡದಲ್ಲಿ ತೆಳ್ಳಗೆ ಮಂಜಿತ್ತು. ನಿಧಾನವಾಗಿ ಹತ್ತುವವರು ಮೊದಲು, ಜೋರಾಗಿ ಹತ್ತುವವರು ಕೊನೆಗೆ ಹೊರಡುವುದು ಕ್ಲಬ್ಬಿನ ಪದ್ಧತಿ. ಲಿಫ್ಟಕ್ಕ ಸೀಟಿ ಮೇಷ್ಟ್ರನ್ನು ಪಕ್ಕಕ್ಕೆ ಕರೆದು, "ಇವತ್ತೊಂದು ದಿನ ನನ್ನನ್ನ ಮೊದಲು ಬಿಡಿ ಸಾರ್" ಎಂದು ಕೇಳಿಕೊಂಡಳು. ಮೇಷ್ಟ್ರು ಅವಳನ್ನು ನೋಡಿದರು, ಕುರ್ಚಿಯಲ್ಲಿ ಶಾಲಿನೊಳಗೆ ಮುದುಡಿ ಕೂತಿದ್ದ ಅತ್ತೆಯನ್ನು ನೋಡಿದರು, ಕಾರಣ ಕೇಳಲಿಲ್ಲ.

ಅವಳು ಸೈಕಲ್ಲು ಹತ್ತಿದಳು. ಅತ್ತೆ ಬಂದು ಪಕ್ಕದಲ್ಲಿ ನಿಂತು ಸೀಟಿನ ಕೆಳಗೆ ಕೈ ಹಾಕಿದರು. ಲಿಫ್ಟಕ್ಕ ಒಂದು ಪಾದ ಬಿಗಿದಳು, ಇನ್ನೊಂದನ್ನೂ ಬಿಗಿದಳು. ಸೀಟಿನಿಂದ ಹಿಡಿದು ಹ್ಯಾಂಡಲ್ಲಿನ ತನಕ ಸೈಕಲ್ಲೆಲ್ಲ ಸಣ್ಣಗೆ ಅದುರುವುದು ಅವಳಿಗೆ ಗೊತ್ತಾಗುತ್ತಿತ್ತು. ಮೇಷ್ಟ್ರು ಬೆರಳು ಮಡಚುತ್ತ ಎಣಿಸಿದರು. ಸೀಟಿ ಬಾಯಿಗೆ ಹೋಗುವ ಹೊತ್ತಿಗೆ ಅತ್ತೆಯ ಕೈ ಒಮ್ಮೆ ಜೋರಾಗಿ ಎಗರಿತು. ಸೈಕಲ್ಲು ಆಚೆ ಕಡೆಗೆ ವಾಲಿತು. ಬಿಗಿದ ಕಾಲು ಬಿಡಿಸಿಕೊಳ್ಳಲು ಸಮಯವೇ ಸಿಗಲಿಲ್ಲ. ಲಿಫ್ಟಕ್ಕ ಸೈಕಲ್ ಸಮೇತ ಟಾರಿನ ಮೇಲೆ ಧೊಪ್ಪನೆ ಬಿದ್ದಳು. ಅವಳು ಬಿದ್ದ ಮೇಲೆ ಸೀಟಿ ಕೂಗಿತು.

ಗಂಡ ಓಡಿ ಬಂದ. ಅತ್ತೆ ಎರಡೂ ಕೈಗಳನ್ನು ಎದೆಗೆ ಒತ್ತಿಕೊಂಡು ನಿಂತಿದ್ದರು. ಆ ಮುಖ ನೋಡಿ ಲಿಫ್ಟಕ್ಕನಿಗೆ ಮೊಣಕೈ ತರಚಿದ್ದು ಮರೆತೇ ಹೋಯಿತು. ಸೀಟಿ ಆದ ಮೇಲೆ ಗಡಿಯಾರ ನಿಲ್ಲುವ ಹಾಗಿಲ್ಲ, ಅದು ಓಡುತ್ತಿತ್ತು. ಅವಳು ಕಾಲು ಬಿಡಿಸಿಕೊಂಡು ಎದ್ದಳು, ಸೈಕಲ್ಲನ್ನು ಎತ್ತಿದಳು, ಮತ್ತೆ ಹತ್ತಿದಳು.

"ಇನ್ನೊಂದ್ಸಲ ಹಿಡೀರಿ ಅತ್ತೆ."

"ಬೇಡ ಕಣೇ. ಬೇರೆ ಯಾರಾದ್ರೂ ಹಿಡೀಲಿ. ಮಗನೇ, ನೀನೇ ಬಾರೋ..."

"ಟೈಮ್ ಓಡ್ತಿದೆ! ಬೈಯೋದೆಲ್ಲ ಆಮೇಲೆ ಬೈಯಿರಿ. ಈಗ ಹಿಡೀರಿ!"

ಸೊಸೆ ಅತ್ತೆಗೆ ಗದರಿದ್ದು ಅದೇ ಮೊದಲು. ಅತ್ತೆ ಬೆಚ್ಚಿ ಹತ್ತಿರ ಬಂದರು. ಈ ಸಲ ಎರಡೂ ಕೈಯಲ್ಲಿ ಸೀಟು ಹಿಡಿದು, ಸೊಂಟವನ್ನು ಅದಕ್ಕೆ ಒತ್ತಿಕೊಟ್ಟು ನಿಂತರು. ಅದುರು ಹೋಗಲಿಲ್ಲ, ಆದರೆ ಸೈಕಲ್ಲು ನಿಂತಿತು. ಲಿಫ್ಟಕ್ಕ ಪಾದ ಬಿಗಿದಳು. "ಹೂಂ" ಎಂದಳು. ಅತ್ತೆ ಕೈ ಬಿಟ್ಟರು. ಮಾಮೂಲಿ ಮಾತು ಅವರ ಗಂಟಲಿನಿಂದ ಅರ್ಧ ಮಾತ್ರ ಹೊರಬಂತು. ಉಳಿದರ್ಧವನ್ನು ಲಿಫ್ಟಕ್ಕ ತಾನೇ ಸೇರಿಸಿಕೊಂಡು ಹೊರಟಳು.

ಟ್ಯಾಂಕಿನ ಗುಡ್ಡದ ರಸ್ತೆ ಶುರುವಿನಲ್ಲಿ ಮೋಸ ಮಾಡುತ್ತದೆ. ಮರಗಳ ನಡುವೆ ಅಷ್ಟೇನೂ ಏರಿಲ್ಲದ ಹಾಗೆ ಸಾಗಿ, ಕಲ್ಲುಕ್ವಾರಿ ದಾಟುತ್ತಿದ್ದ ಹಾಗೆ ಗೋಡೆಯಂತೆ ಎದ್ದು ನಿಲ್ಲುತ್ತದೆ. ಫ್ರೀವೀಲ್ ಇಲ್ಲದ ಸೈಕಲ್ಲಿನಲ್ಲಿ ಅಲ್ಲಿ ಕೂತು ತುಳಿಯಲಾಗುವುದಿಲ್ಲ; ಎದ್ದು ನಿಂತು, ಮೈಭಾರವನ್ನೆಲ್ಲ ಒಂದೊಂದೇ ಕಾಲಿಗೆ ಹಾಕುತ್ತ, ನಿಂತರೆ ಬಿದ್ದೆ ಎನ್ನುವಷ್ಟು ನಿಧಾನವಾಗಿ ಹತ್ತಬೇಕು. ಮೊಣಕೈಯಿಂದ ರಕ್ತ ತೊಟ್ಟಿಕ್ಕುತ್ತಿತ್ತು. ಆದರೆ ಅವಳ ತಲೆಯಲ್ಲಿದ್ದುದು ಬುಡದಲ್ಲಿ ಉಳಿದ ಅತ್ತೆ. ಮುಂದಿನವರು ಅವರನ್ನು ಕೇಳುತ್ತಾರೋ ಇಲ್ಲವೋ? ಬಲವಂತವಾಗಿ ಕರೆತಂದು ಎಲ್ಲರೆದುರು ತಲೆ ತಗ್ಗಿಸುವ ಹಾಗೆ ಮಾಡಿಬಿಟ್ಟೆನಾ? ತಿರುಗಿ ಇಳಿದುಬಿಡಲೇ ಎಂದೂ ಒಮ್ಮೆ ಅನ್ನಿಸಿತು. ಹಾಗೆ ಇಳಿದರೆ ಅತ್ತೆ ಸುಮ್ಮನೆ ಬಿಡುತ್ತಾರಾ? ಅವರು ಕಳಿಸಿದ್ದು ವಾಪಸು ಬರಲೆಂದಲ್ಲ, ಮೇಲೆ ಹೋಗಲೆಂದು.

ಕಡಿದಾದ ತಿರುವಿನಲ್ಲಿ ಉಸಿರು ಸಾಲದೆ ಕಣ್ಣು ಮಂಜಾಯಿತು. ಆಗ ಅವಳಿಗೆ ಅನ್ನಿಸಿದ್ದೆಂದರೆ, ಇಷ್ಟು ವರ್ಷ ತಾನು ಈ ಗುಡ್ಡವನ್ನು ಒಂಟಿಯಾಗಿ ಹತ್ತುತ್ತಿದ್ದೇನೆ ಎಂದುಕೊಂಡದ್ದು ಸುಳ್ಳು. ಬೆನ್ನ ಹಿಂದೆ ಒಬ್ಬರು ನಿಂತು ಕಳಿಸಿಕೊಟ್ಟಿದ್ದಾರೆ, ಬರುವವರೆಗೆ ಅಲ್ಲೇ ಕಾಯುತ್ತಾರೆ ಎನ್ನುವುದೊಂದು ಇರದಿದ್ದರೆ ಎಂದೋ ಅರ್ಧದಲ್ಲಿ ಇಳಿದು ನಡೆದುಬಿಡುತ್ತಿದ್ದಳು. ಅವಳು ಅತ್ತಳೋ ಬೆವರಿದಳೋ ಅವಳಿಗೇ ತಿಳಿಯಲಿಲ್ಲ. ಕಾಲು ತಿರುಗುತ್ತಲೇ ಇತ್ತು.

ಮೇಲೆ, ಟ್ಯಾಂಕಿನ ನೆರಳಿನಲ್ಲಿ, ಗಡಿಯಾರ ಹಿಡಿದು ನಿಂತಿದ್ದ ಬಡಗಿಗೆ ತಾನು ತಡವಾದದ್ದೇಕೆಂದು ಹೇಳುವ ಪುರುಸೊತ್ತೂ ಅವಳಿಗಿರಲಿಲ್ಲ. ಹುಲ್ಲಿನ ಮೇಲೆ ಕೂತು ರಸ್ತೆಯನ್ನೇ ನೋಡುತ್ತಿದ್ದಳು. ಮೊದಲು ಬಂದವನು ಬ್ಯಾಂಕಿನ ಹುಡುಗ.

"ನಿನಗೆ ಯಾರಪ್ಪ ಸೀಟು ಹಿಡಿದಿದ್ದು?"

ಹುಡುಗ ಹ್ಯಾಂಡಲ್ಲಿನ ಮೇಲೆ ತಲೆಯಿಟ್ಟು ಏದುಸಿರು ಬಿಡುತ್ತ ಯಾರೂ ಇಲ್ಲವೆಂದು ತಲೆಯಾಡಿಸಿದ. ಸ್ವಲ್ಪ ಸುಧಾರಿಸಿಕೊಂಡ ಮೇಲೆ, "ನಾನು ಕಾಲೂರಿಕೊಂಡೇ ಹೊರಟೆ ಅಕ್ಕ. ಅಮ್ಮನಿಗೆ ತೊಂದರೆ ಆಗ್ಬಾರ್ದು ಅಂತ..." ಎಂದು ನೆಲ ನೋಡಿದ. ಕೆಟ್ಟ ಹುಡುಗನಲ್ಲ. ಅವಳಿಗೆ ಸಿಟ್ಟು ಬರಲಿಲ್ಲ; ಮತ್ತೆ ರಸ್ತೆಯ ಕಡೆ ತಿರುಗಿದಳು. ಅವನ ಹಿಂದೆ ಬಂದವನೂ ಅದನ್ನೇ ಹೇಳಿದ.

ಆಮೇಲೆ ಕನ್ನಡಕದಂಗಡಿಯ ಮೇಡಂ ಬಂದಳು. ಬಂದ ರಭಸಕ್ಕೆ ಟ್ಯಾಂಕಿನ ಬೇಲಿಗೇ ಹೋಗಿ ಆತುಕೊಂಡಳು. ಮಾತು ಬರಲು ಬಹಳ ಹೊತ್ತು ಹಿಡಿಯಿತು. ಲಿಫ್ಟಕ್ಕ ಕೇಳುವ ಮೊದಲೇ ಅವಳೇ ಶುರುಮಾಡಿದಳು.

"ನಿಮ್ಮತ್ತೆ ಕುರ್ಚೀಲಿ ಹೋಗಿ ಕೂತ್ಬಿಟ್ಟಿದ್ರು ಕಣ್ರೀ. ನಾನೇ ಹೋಗಿ ಕರೆದೆ. ಅಮ್ಮ, ನೀವು ಹಿಡೀದೇ ನಾನು ಯಾವತ್ತು ಹೊರಟಿದೀನಿ, ಬನ್ನಿ ಅಂದೆ. ಬೀಳಿಸ್ತೀನಮ್ಮ ಅಂದ್ರು. ಬೀಳಿಸಿ ಅಂದೆ."

"ಬಂದ್ರಾ?"

"ಬರದೆ? ಕೈ ನಡುಗ್ತಿತ್ತು. ನನ್ನ ಕಾಲೂ ನಡುಗ್ತಿತ್ತು, ಪ್ರತಿ ಸಲ ಹೊರಡುವಾಗ ನಡುಗುತ್ತೆ, ನಿಮಗೆ ಯಾರಿಗೂ ಗೊತ್ತಿಲ್ಲ ಅಷ್ಟೆ. ಎರಡು ನಡುಕ ಸೇರಿ ಅದು ಹೇಗೋ ಸರಿಹೋಯ್ತು. ನನ್ನ ಹಿಂದೆ ಇದ್ದವರೆಲ್ಲ ಸಾಲಾಗಿ ನಿಂತಿದ್ರು, ಅಮ್ಮ ನನಗೆ, ಅಮ್ಮ ನನಗೆ ಅಂತ."

ಲಿಫ್ಟಕ್ಕ ಎದ್ದು ಹೋಗಿ ಆ ಬೆವರಿದ ಹೆಂಗಸನ್ನು ತಬ್ಬಿಕೊಂಡಳು. ಮೇಡಂ ಅವಳ ಹೆಗಲ ಮೇಲಿಂದಲೇ ಬಡಗಿಯನ್ನು ಕೂಗಿ ಇಬ್ಬರ ಟೈಮೂ ಕೇಳಿದಳು. ಕೇಳಿ ಮುಖವೆಲ್ಲ ಅರಳಿತು. "ರೀ, ಮೊದಲೇ ಹೇಳ್ಬಿಡ್ತೀನಿ. ಬಿದ್ದ ಹೊತ್ತನ್ನ ಕಳೆದು ಲೆಕ್ಕ ಹಾಕೋ ಹಾಗಿಲ್ಲ. ಈ ಸಲ ಗೆದ್ದಿದ್ದು ನಾನು."

"ನೀವೇ. ಯಾರಿಲ್ಲ ಅಂದ್ರು?" ಲಿಫ್ಟಕ್ಕ ನಕ್ಕಳು. ಅಷ್ಟು ಸಂತೋಷದಿಂದ ಅವಳು ಯಾವತ್ತೂ ಸೋತಿರಲಿಲ್ಲ.

ಅವಳು ಬ್ರೇಕು ಹಿಡಿದು ಹಿಡಿದು ಗುಡ್ಡ ಇಳಿದಾಗ ಬುಡದಲ್ಲಿ ಅತ್ತೆ ಕುರ್ಚಿಯಲ್ಲಿ ಕೂತು, ಸೀಟಿ ಮೇಷ್ಟ್ರ ಜೊತೆ ಯಾವುದೋ ವಾದದಲ್ಲಿದ್ದರು. ಸೊಸೆಯನ್ನು ಕಂಡು ಮಾತು ನಿಲ್ಲಿಸಿದರು. ಮೇಷ್ಟ್ರು ಏನೋ ಕೆಲಸ ನೆನಪಾದವರಂತೆ ಅತ್ತ ಹೋದರು. ಅತ್ತೆ ಅವಳ ಮೊಣಕೈ ಹಿಡಿದು ತಿರುಗಿಸಿ ನೋಡಿದರು.

"ಬೀಳಿಸಿದೆನಲ್ಲೇ ನಿನ್ನ."

"ಬೀಳಿಸಿದ್ರಿ. ಎದ್ದೆ."

"ಸೋತೆಯಾ?"

"ಸೋತೆ." ಲಿಫ್ಟಕ್ಕ ಕುರ್ಚಿಯ ಪಕ್ಕ ನೆಲದ ಮೇಲೆ ಕೂತಳು. ಮನೆಯವರಿಗೆ ಥ್ಯಾಂಕ್ಸ್ ಹೇಳಿ ಅಭ್ಯಾಸವಿಲ್ಲದ ನಾಲಗೆ ತೊಡರಿತು. ಅತ್ತೆಯ ಮುಖ ನೋಡದೆ, ಶೂಗಳ ಕಡೆ ನೋಡುತ್ತ ಹೇಳಿದಳು: "ಅತ್ತೆ, ನಾನು ಚಿಕ್ಕವಳಿದ್ದಾಗ ಎಲ್ಲಿಗೆ ಹೊರಟ್ರೂ ಹೋಗಿ ಬಾ ಅನ್ನೋರು ಒಬ್ಬರೂ ಇರ್ಲಿಲ್ಲ. ನೀವು ಹೇಳೋಕೆ ಶುರುಮಾಡಿದ ಮೇಲೇ ನನಗೆ ಹೋಗೋದೂ ಬರೋದೂ ಚೆನ್ನಾಗಿರುತ್ತೆ ಅಂತ ಗೊತ್ತಾಗಿದ್ದು. ನೀವು ಸೀಟು ಹಿಡೀರಿ, ಬಿಡಿ, ಬೀಳಿಸಿ. ಅಲ್ಲಿ ನಿಂತಿರಿ, ಸಾಕು."

ಅತ್ತೆ ನಡುಗುವ ಕೈಯನ್ನು ಅವಳ ನೆತ್ತಿಯ ಮೇಲಿಟ್ಟರು. ಹೆಲ್ಮೆಟ್ ಇನ್ನೂ ತೆಗೆದಿರಲಿಲ್ಲ. ಬೆರಳುಗಳು ಅದರ ಮೇಲೆ ಟಪಟಪ ಎಂದು ಸಣ್ಣಗೆ ಸದ್ದು ಮಾಡಿದವು. ಇಬ್ಬರಿಗೂ ನಗು ಬಂತು.

"ಇಷ್ಟು ವರ್ಷ ಇಲ್ಲಿಂದ ಕಳಿಸ್ತೀನಲ್ಲ," ಅತ್ತೆ ಕಣ್ಣೊರೆಸಿಕೊಳ್ಳುತ್ತ ಹೇಳಿದರು, "ನೀವೆಲ್ಲ ಹೋಗೋದಾದ್ರೂ ಎಲ್ಲಿಗೆ ಅಂತ ನಾನು ನೋಡೇ ಇಲ್ಲ ನೋಡು."

ಹೌದಲ್ಲ ಎನ್ನಿಸಿತು ಲಿಫ್ಟಕ್ಕನಿಗೆ. ಅವಳು ಗಂಡನನ್ನು ಕೂಗಿದಳು. ಸೈಕಲ್ಲನ್ನು ಮೇಷ್ಟ್ರ ಸುಪರ್ದಿಗೆ ಬಿಟ್ಟು ಮೂವರೂ ಕಾರು ಹತ್ತಿದರು. ಕ್ವಾರಿ ದಾಟಿದ ಮೇಲಿನ ಏರಿನಲ್ಲಿ ಕಾರೂ ಮುಲುಕಿತು. ಗಂಡ ಗೇರು ಇಳಿಸಿ, "ಇದರಲ್ಲಿ ಇಳಿಸೋಕೆ ಗೇರಾದ್ರೂ ಇದೆ" ಎಂದು ಗೊಣಗಿದ. ಮೇಲೆ ಇನ್ನೂ ಅಲ್ಲೇ ಇದ್ದ ಸವಾರರು ಅತ್ತೆಯನ್ನು ಕಂಡು ಎದ್ದು ನಿಂತರು. ಬ್ಯಾಂಕಿನ ಹುಡುಗ ಓಡಿ ಬಂದು ಕಾರಿನ ಬಾಗಿಲು ತೆಗೆದು ಕೈ ಕೊಟ್ಟ. ಅತ್ತೆ ಅದನ್ನು ಹಿಡಿದುಕೊಂಡೇ ಇಳಿದರು. ಮಂಜು ಕರಗಿ ಬಿಸಿಲು ಬಂದಿತ್ತು. ಕೆಳಗೆ ಊರು, ಕಾಲುವೆ, ಮರಗಳ ನಡುವೆ ಅಲ್ಲಲ್ಲಿ ಕಾಣಿಸಿ ಮರೆಯಾಗುವ ರಸ್ತೆ.

ಅತ್ತೆ ಬೇಲಿಯ ಕಂಬವೊಂದಕ್ಕೆ ಒರಗಿ, ಆ ರಸ್ತೆಯನ್ನು ಬುಡದಿಂದ ತುದಿಯವರೆಗೂ ಕಣ್ಣಲ್ಲೇ ಹತ್ತಿದರು.

"ಅಬ್ಬಾ," ಎಂದರು. "ಇಷ್ಟು ಎತ್ತರಕ್ಕಾ ನಾನು ನಿಮ್ಮನ್ನೆಲ್ಲ ಕಳಿಸ್ತಾ ಇದ್ದಿದ್ದು?"